ಎಷ್ಟು ಸರಿ, ಎಷ್ಟು ತಪ್ಪು: ಒಂದು ನೇಮಕಾತಿ ಪರೀಕ್ಷೆಯ ಕೇಸು

ಪ್ರಶ್ನೆಪತ್ರಿಕೆಯ 61ನೇ ಪ್ರಶ್ನೆ ಇದು. ಸಂವಿಧಾನದ 73ನೇ ತಿದ್ದುಪಡಿ ಬಗ್ಗೆ ಮೂರು ಹೇಳಿಕೆ ಕೊಟ್ಟಿದ್ದರು. ಒಂದು, ಅದು 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಎರಡು, ಅದರಿಂದ ಸಂವಿಧಾನಕ್ಕೆ 11ನೇ ಅನುಸೂಚಿ ಸೇರಿತು, ಅದರಲ್ಲಿ 29 ವಿಷಯಗಳಿವೆ. ಮೂರು, ಪಂಚಾಯಿತಿ ಸದಸ್ಯರಾಗಲು ಕನಿಷ್ಠ 25 ವರ್ಷ ಆಗಿರಬೇಕು. ಮೊದಲ ಎರಡು ಸರಿ. ಮೂರನೆಯದು ತಪ್ಪು, 21 ಆದರೆ ಸಾಕು. ಊರಲ್ಲಿ ಒಂದು ಪಂಚಾಯಿತಿ ಚುನಾವಣೆ ನೋಡಿದವರಿಗೆಲ್ಲ ಗೊತ್ತಿರುವ ವಿಷಯ.

ಇದರ ಕೆಳಗೆ ಕನ್ನಡದಲ್ಲಿ ಹೀಗೆ ಕೇಳಿದ್ದರು: "ಮೇಲಿನ ಹೇಳಿಕೆಗಳಲ್ಲಿ ಎಷ್ಟು ಸರಿಯಾಗಿವೆ?" ಪಕ್ಕದ ಇಂಗ್ಲಿಷಿನಲ್ಲಿ ಕೇಳಿದ್ದು ಎಷ್ಟು ತಪ್ಪಾಗಿವೆ ಎಂದು. ಆಯ್ಕೆಗಳು ಎರಡೂ ಕಡೆ ಒಂದೇ: ಒಂದು, ಎರಡು, ಮೂರು, ಯಾವುದೂ ಇಲ್ಲ. ಕನ್ನಡ ಓದಿದವರಿಗೆ ಉತ್ತರ ಎರಡು. ಇಂಗ್ಲಿಷ್ ಓದಿದವರಿಗೆ ಉತ್ತರ ಒಂದು. ಪರೀಕ್ಷೆ ನಡೆಸಿದವರು ಬಿಟ್ಟ ಕೀ ಉತ್ತರದಲ್ಲಿ ಇದ್ದದ್ದು ಒಂದು.

ನಾನು ಹಾಸನದಲ್ಲಿ ವಕೀಲಿ ಮಾಡುವವನು. ಜಮೀನು, ಭಾಗ, ಚೆಕ್ ಬೌನ್ಸು ನನ್ನ ದಿನನಿತ್ಯದ ಕೆಲಸ. ನೇಮಕಾತಿ ಕೇಸುಗಳು ವರ್ಷಕ್ಕೆ ಒಂದೆರಡು ಬರುತ್ತವೆ. ಅವನ್ನು ಬೆಂಗಳೂರಿನ ಗೆಳೆಯರೊಬ್ಬರ ಜೊತೆ ಸೇರಿ ನಡೆಸುತ್ತೇನೆ. ಈ ಕೇಸಿನವರ ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಯಾವ ಹುದ್ದೆ, ಪರೀಕ್ಷೆ ನಡೆಸಿದವರು ಯಾರು ಎಂಬುದನ್ನೂ ಬರೆಯುವುದಿಲ್ಲ. ಸುಮ್ನೆ "ಪ್ರಾಧಿಕಾರ" ಎನ್ನುತ್ತೇನೆ.

ಅವರು ಬಂದಿದ್ದು ಬೇರೆ ಪ್ರಶ್ನೆಗೆ

ಹಾಸನಾಂಬೆ ಬಾಗಿಲು ತೆರೆದಿದ್ದ ವಾರ ಅದು. ಊರ ತುಂಬ ಜನ. ಆ ಗದ್ದಲದಲ್ಲೇ ದಾರಿ ಮಾಡಿಕೊಂಡು ಬೇಲೂರು ತಾಲ್ಲೂಕಿನ ರೈತರೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಎರಡೂವರೆ ಎಕರೆ, ಶುಂಠಿ, ಜೋಳ. ಮಗಳಿಗೆ 29 ವರ್ಷ, ಡಿಗ್ರಿ ಮುಗಿಸಿ ಏಳು ವರ್ಷದಿಂದ ಪರೀಕ್ಷೆ ಬರೆಯುತ್ತಿದ್ದಳು. ಹಾಸನದಲ್ಲೇ ಪಿಜಿಯಲ್ಲಿ (ಪೇಯಿಂಗ್ ಗೆಸ್ಟ್ ಆಗಿ) ಇದ್ದುಕೊಂಡು ಜಿಲ್ಲಾ ಗ್ರಂಥಾಲಯದಲ್ಲಿ ಓದುವ ನೂರಾರು ಮಕ್ಕಳಲ್ಲಿ ಒಬ್ಬಳು. ಜೊತೆಗೆ ರೂಮಿನ ಗೆಳತಿಯೂ ಬಂದಿದ್ದಳು, ಅರಕಲಗೂಡು ಕಡೆಯವಳು. ಇಬ್ಬರೂ ಅದೇ ಪರೀಕ್ಷೆ ಬರೆದವರು, ಮೀಸಲಾತಿ ವರ್ಗವೂ ಒಂದೇ.

ಅಪ್ಪನಿಗೆ ಸಿಟ್ಟಿದ್ದದ್ದು 12ನೇ ಪ್ರಶ್ನೆ ಮೇಲೆ. ಕನ್ನಡದ ಅತಿ ಹಳೆಯ ಶಾಸನ ಯಾವುದು? ಮಗಳು ಹಲ್ಮಿಡಿ ಎಂದು ಗುರುತು ಹಾಕಿದ್ದಳು. ಮೊದಲು ಬಿಟ್ಟ ತಾತ್ಕಾಲಿಕ ಕೀಯಲ್ಲೂ ಹಲ್ಮಿಡಿ ಎಂದೇ ಇತ್ತು. ಆಮೇಲೆ ಯಾರೋ ಆಕ್ಷೇಪಣೆ ಹಾಕಿದರು, ತಜ್ಞರ ಸಮಿತಿ ಒಪ್ಪಿತು, ಪರಿಷ್ಕೃತ ಕೀಯಲ್ಲಿ ಅದು ತಾಳಗುಂದ ಆಯಿತು.

"ನಮ್ಮೂರಿಂದ ಹಲ್ಮಿಡಿಗೆ ಎಷ್ಟು ದೂರ ಸಾರ್? ಸೈಕಲ್‌ನಲ್ಲಿ ಹೋಗ್ಬೋದು. ನಾನು ಸ್ಕೂಲಲ್ಲಿ ಓದಿದ್ದೂ ಅದೇ, ಇವಳು ಓದಿದ್ದೂ ಅದೇ. ಈಗ ಅದು ಹೆಂಗೆ ತಪ್ಪಾಯ್ತದೆ?"

ಅವರ ಸಿಟ್ಟು ನನಗೆ ಅರ್ಥವಾಗುತ್ತಿತ್ತು. ನಾನೂ ಹಾಸನದವನೇ ಅಲ್ವಾ. ಆದರೆ ಆ ಪ್ರಶ್ನೆ ಮೇಲೆ ಕೇಸು ಹಾಕಿದರೆ ಸೋಲುತ್ತೇವೆ ಎಂದು ಅವರಿಗೆ ಅಲ್ಲೇ ಹೇಳಿದೆ. ಹೇಳಿದ್ದಕ್ಕೆ ಕಾರಣ ಇತ್ತು.

ಹಲ್ಮಿಡಿ ಶಾಸನ ವಿದ್ವತ್ ಲೋಕಕ್ಕೆ ಗೊತ್ತಾಗಿದ್ದು 1936ರಲ್ಲಿ. ಆಗ ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಎಂ. ಎಚ್. ಕೃಷ್ಣ ಅದನ್ನು ಬೆಳಕಿಗೆ ತಂದರು. ಹದಿನಾರು ಸಾಲಿನ ಆ ಕಲ್ಲಿನಲ್ಲಿ ಎಲ್ಲೂ ತೇದಿ ಇಲ್ಲ. ಲಿಪಿ, ಭಾಷೆ, ಅದರಲ್ಲಿ ಬರುವ ಕದಂಬ ಅರಸನ ಹೆಸರು ನೋಡಿ ಸುಮಾರು ಕ್ರಿ.ಶ. 450 ಎಂದು ವಿದ್ವಾಂಸರು ಲೆಕ್ಕ ಹಾಕಿದ್ದು. ಆ ಕಡೆ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಬಳಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅಗೆದಾಗ ಸಿಂಹಕಟಾಂಜನ ಶಾಸನ ಸಿಕ್ಕಿತು. ಅದು ಕ್ರಿ.ಶ. 370ರದ್ದು ಎಂಬ ಅಭಿಪ್ರಾಯ ಬಂತು. ಅಂದರೆ ಎರಡೂ ಕಡೆ ಹೇಳಲು ವಿಷಯ ಇದೆ. ಎರಡೂ ಕಡೆ ಪುಸ್ತಕ ಇದೆ. ಇದು ವಿದ್ವಾಂಸರು ಕೂತು ಚರ್ಚೆ ಮಾಡಬೇಕಾದ ಪ್ರಶ್ನೆ.

ಕೋರ್ಟಿನ ಮಟ್ಟಿಗೆ ಅಲ್ಲಿಗೇ ಕಥೆ ಮುಗಿಯಿತು. 1983ರಲ್ಲಿ ಕಾನ್ಪುರ ವಿಶ್ವವಿದ್ಯಾಲಯ ಮತ್ತು ಸಮೀರ್ ಗುಪ್ತಾ ಕೇಸಿನಲ್ಲೇ ಸುಪ್ರೀಂ ಕೋರ್ಟ್ ಅಳತೆಗೋಲು ಹಾಕಿಕೊಟ್ಟಿದೆ. ಕೀ ಉತ್ತರ ಸರಿ ಎಂದೇ ಭಾವಿಸಬೇಕು. ತಪ್ಪು ಎನ್ನುವವರು ಅದನ್ನು ತೋರಿಸಬೇಕು. ಆ ವಿಷಯ ಬಲ್ಲವರು ಯಾರೂ ಅದನ್ನು ಸರಿ ಎನ್ನಲಾರರು ಎನ್ನುವಷ್ಟು ಎದ್ದು ಕಾಣುವ ತಪ್ಪಾಗಿರಬೇಕು. 2017ರ ಡಿಸೆಂಬರ್‌ನಲ್ಲಿ ಬಂದ ರಣ್ ವಿಜಯ್ ಸಿಂಗ್ ತೀರ್ಪು ಇನ್ನೂ ಬಿಗಿ. ತರ್ಕದ ಮೇಲೆ ತರ್ಕ ಕಟ್ಟಿ ತಪ್ಪು ಹುಡುಕುವಂತಿದ್ದರೆ ಕೋರ್ಟು ಕೈ ಹಾಕಬಾರದು. ಅನುಮಾನ ಬಂದರೆ ಅದರ ಲಾಭ ಪರೀಕ್ಷೆ ನಡೆಸಿದವರಿಗೆ. ಅಭ್ಯರ್ಥಿ ಮೇಲಿನ ಕನಿಕರಕ್ಕೆ ಅಲ್ಲಿ ಜಾಗ ಇಲ್ಲ. ಆ ಕೇಸು ಉತ್ತರ ಪ್ರದೇಶದಲ್ಲಿ 2009ರಲ್ಲಿ ನಡೆದ ಶಿಕ್ಷಕರ ನೇಮಕಾತಿ ಪರೀಕ್ಷೆಯದು. ಎಂಟು ವರ್ಷ ಎಳೆದಾಡಿದ್ದನ್ನು ನೋಡಿದರೆ ಕೋರ್ಟು ಯಾಕೆ ಬೇಸತ್ತಿತು ಎಂದು ಗೊತ್ತಾಗುತ್ತದೆ.

"ಪುಸ್ತಕದಲ್ಲೇ ಇದೆಯಲ್ಲ ಸಾರ್" ಎಂದಳು ಮಗಳು. ಅದಕ್ಕೂ ಉತ್ತರ ಇತ್ತು. 2024ರ ನೀಟ್ ನೆನಪಿದೆಯಾ ಎಂದು ಕೇಳಿದೆ. ಭೌತಶಾಸ್ತ್ರದಲ್ಲಿ ಪರಮಾಣು ಬಗ್ಗೆ ಒಂದು ಪ್ರಶ್ನೆ. ಹಳೆಯ ಪಠ್ಯಪುಸ್ತಕದ ಪ್ರಕಾರ ಬರೆದವರಿಗೂ ಹೊಸದರ ಪ್ರಕಾರ ಬರೆದವರಿಗೂ ಅಂಕ ಕೊಟ್ಟಿದ್ದರು. ಸುಪ್ರೀಂ ಕೋರ್ಟ್ ದೆಹಲಿ ಐಐಟಿಯ ತಜ್ಞರನ್ನು ಕೇಳಿತು. ಅವರು ಸರಿ ಉತ್ತರ ಒಂದೇ ಎಂದರು. ಸುಮಾರು 4.2 ಲಕ್ಷ ಮಕ್ಕಳಿಗೆ ಐದೈದು ಅಂಕ ಹೋಯಿತು, ಪೂರ್ತಿ ಅಂಕ ಪಡೆದವರು 61ರಿಂದ 17ಕ್ಕೆ ಇಳಿದರು. ಪುಸ್ತಕದಲ್ಲಿತ್ತು ಎನ್ನುವುದು ಅವರಲ್ಲಿ ಯಾರನ್ನೂ ಉಳಿಸಲಿಲ್ಲ.

ಅಪ್ಪ ಏನೂ ಮಾತಾಡಲಿಲ್ಲ. ಟವೆಲ್ಲನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು.

ಗಟ್ಟಿಯಾಗಿ ಓದಿಸಿದಾಗ

ಸುಮ್ನೆ ಕಳಿಸಲು ಮನಸ್ಸು ಬರಲಿಲ್ಲ. ಪ್ರಶ್ನೆಪತ್ರಿಕೆ, ಅವಳು ಗುರುತು ಹಾಕಿದ ಓಎಂಆರ್ ಉತ್ತರ ಹಾಳೆಯ ಪ್ರತಿ, ಪರಿಷ್ಕೃತ ಕೀ ಮೂರನ್ನೂ ಮೇಜಿನ ಮೇಲೆ ಹರಡಿಸಿದೆ. ಅವಳು 94 ಪ್ರಶ್ನೆಗೆ ಉತ್ತರಿಸಿದ್ದಳು. 74 ಸರಿ, 20 ತಪ್ಪು. ಒಂದು ತಪ್ಪಿಗೆ ಕಾಲು ಅಂಕ ಕಡಿತ. ಹಾಗಾಗಿ 69. ಅವಳ ವರ್ಗದ ಕಟ್ ಆಫ್ 69.75. ಮುಕ್ಕಾಲು ಅಂಕದಲ್ಲಿ ಹೋಗಿತ್ತು.

ತಪ್ಪಾದ ಇಪ್ಪತ್ತನ್ನೂ ಒಂದೊಂದಾಗಿ ಗಟ್ಟಿಯಾಗಿ ಓದಮ್ಮ ಎಂದೆ. ಅವಳು ಕನ್ನಡ ಓದುತ್ತಿದ್ದಳು. ನಾನು ಆಚೆ ಬದಿಯಿಂದ ಇಂಗ್ಲಿಷಿನ ಮೇಲೆ ಕಣ್ಣಾಡಿಸುತ್ತಿದ್ದೆ. ಬಹಳಷ್ಟು ನಿಜವಾಗಿಯೂ ಅವಳದೇ ತಪ್ಪು. ಒಂದು ಕಡೆ ಉಷ್ಣ ವಿದ್ಯುತ್ ಸ್ಥಾವರ ಎನ್ನುವ ಬದಲು "ಉಷ್ಣ ವಿದ್ಯುತ್ ಸಸ್ಯ" ಎಂದು ಅಚ್ಚಾಗಿತ್ತು. ಮೂವರೂ ನಕ್ಕರು. ಅದು ಅರ್ಥ ಆಗಲಿಲ್ಲ ಅಂತ ಆಗಲೇ ಇಂಗ್ಲಿಷ್ ನೋಡಿಕೊಂಡೆ ಸಾರ್, ಆದ್ರೂ ತಪ್ಪು ಬರೆದೆ ಎಂದಳು.

61ಕ್ಕೆ ಬಂದಳು. ಓದಿದಳು. "ಎಷ್ಟು ಸರಿಯಾಗಿವೆ? ಎರಡು ಅಂತ ಹಾಕಿದ್ದೆ. ಕೀ ಒಂದು ಅಂತಿದೆ. ಯಾವುದೋ ಒಂದು ಹೇಳಿಕೆ ನಂಗೆ ತಪ್ಪು ಗೊತ್ತಿರ್ಬೇಕು ಅಂತ ಬಿಟ್ಟೆ."

ಇಂಗ್ಲಿಷ್ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವಳು ಎರಡು ಸಲ ಓದಿದಳು. ಅಷ್ಟರಲ್ಲಿ ಗೆಳತಿ ಮೆಲ್ಲಗೆ, "ಅದಕ್ಕೆ ನಾನು ಆಕ್ಷೇಪಣೆ ಹಾಕಿದ್ದೆ ಸಾರ್. ದುಡ್ಡೂ ಕಟ್ಟಿದ್ದೆ. ಕೀ ಬದಲಾಗಲಿಲ್ಲ. ತಜ್ಞರೇ ಸರಿ ಅಂದ್ಮೇಲೆ ಇನ್ನೇನು ಅಂತ ಇವಳಿಗೂ ಹೇಳಲಿಲ್ಲ" ಎಂದಳು. ಅವಳಿಗೆ ಬಂದಿದ್ದು 68.75.

ಆಕ್ಷೇಪಣೆ ಸಲ್ಲಿಸಿದ ರಸೀದಿ ಇದೆಯಾ ಎಂದು ಕೇಳಿದೆ. ಮೊಬೈಲಿನಲ್ಲಿ ಸ್ಕ್ರೀನ್‌ಶಾಟ್ ಇತ್ತು. ಕೇಸು ನಿಲ್ಲುತ್ತದೆ ಎಂದು ನನಗೆ ಧೈರ್ಯ ಬಂದದ್ದು ಅದನ್ನು ನೋಡಿದಾಗ. ಬೇಲೂರಿನ ಹುಡುಗಿ ಆಕ್ಷೇಪಣೆ ಹಾಕಿರಲಿಲ್ಲ. ಅವಳೊಬ್ಬಳೇ ಅರ್ಜಿ ಹಾಕಿದ್ದರೆ, ಕೊಟ್ಟ ಏಳು ದಿನದಲ್ಲಿ ಸುಮ್ಮನಿದ್ದು ಫೇಲಾದ ಮೇಲೆ ಬಂದಿದ್ದಾರೆ ಎಂಬ ಒಂದೇ ಮಾತಿನಲ್ಲಿ ಎದುರಿನವರು ಮುಗಿಸುತ್ತಿದ್ದರು. ಇಬ್ಬರನ್ನೂ ಸೇರಿಸಿ ಅರ್ಜಿ ಹಾಕುವುದೆಂದು ತೀರ್ಮಾನ ಆಯಿತು. ಹಲ್ಮಿಡಿ ಬೇಡ, ಬೇರೆ ಯಾವುದೂ ಬೇಡ, 61 ಒಂದೇ.

"ಅದನ್ನೂ ಒಂದು ಸೇರಿಸಿದ್ರೆ ಏನ್ ಹೋಗುತ್ತೆ ಸಾರ್?" ಅಪ್ಪನಿಗೆ ಇನ್ನೂ ಸಮಾಧಾನ ಆಗಿರಲಿಲ್ಲ.

"ಯಜಮಾನ್ರೇ, ಗಟ್ಟಿ ಕಾಳಿನ ಜೊತೆ ಜೊಳ್ಳು ಸೇರಿಸಿದ್ರೆ ವ್ಯಾಪಾರಿ ಇಡೀ ಚೀಲಕ್ಕೇ ಬೆಲೆ ಇಳಿಸ್ತಾನೆ" ಎಂದೆ. ಜೋಳ ಬೆಳೆಯುವವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಇದು ನಾನು ಸುಮ್ನೆ ಹೇಳಿದ ಮಾತೂ ಅಲ್ಲ. ಅದೇ ಪರೀಕ್ಷೆ ಬರೆದಿದ್ದ ಒಬ್ಬ ಎಂಜಿನಿಯರಿಂಗ್ ಹುಡುಗ ಬೇರೆ ವಕೀಲರ ಮೂಲಕ ಏಳು ಪ್ರಶ್ನೆ ಹಿಡಿದು ಅರ್ಜಿ ಹಾಕಿದ್ದ, ಅದರಲ್ಲಿ ಹಲ್ಮಿಡಿಯೂ ಇತ್ತು. 61 ಇರಲಿಲ್ಲ. ಅವನು ಇಂಗ್ಲಿಷ್ ಓದಿ ಅದನ್ನು ಸರಿ ಮಾಡಿದ್ದ. ಅವನ ಅರ್ಜಿ ನಮಗಿಂತ ಮೊದಲೇ ವಜಾ ಆಯಿತು. ತಜ್ಞರು ನೋಡಿದ್ದಾರೆ, ಎರಡು ಅಭಿಪ್ರಾಯಕ್ಕೆ ಅವಕಾಶ ಇದ್ದಾಗ ನಾವು ಮಧ್ಯೆ ಬರುವುದಿಲ್ಲ ಎನ್ನುವುದೇ ಆದೇಶದ ಸಾರ.

ಎಲ್ಲಿಗೆ ಹೋಗಬೇಕು

ನೇರ ಹೈಕೋರ್ಟಿಗೆ ಹೋಗೋಣ ಎಂದು ಬಹಳ ಜನ ಬರುತ್ತಾರೆ. ರಾಜ್ಯ ಸರ್ಕಾರಿ ಹುದ್ದೆಯ ನೇಮಕಾತಿ ಎಂದರೆ ಮೊದಲು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ, ಅಂದರೆ ಕೆಎಟಿ. 1985ರ ಆಡಳಿತ ನ್ಯಾಯಮಂಡಳಿಗಳ ಕಾಯ್ದೆ ನೇಮಕಾತಿ ವಿಷಯವನ್ನೂ ಅದರ ಕೈಗೆ ಕೊಟ್ಟಿದೆ. 1997ರ ಎಲ್. ಚಂದ್ರಕುಮಾರ್ ತೀರ್ಪಿನ ಮೇಲೆ, ಅಲ್ಲಿನ ಆದೇಶ ಒಪ್ಪಿಗೆಯಾಗದಿದ್ದರೆ ಆಮೇಲೆ ಹೈಕೋರ್ಟಿನ ವಿಭಾಗೀಯ ಪೀಠ. ಕಾಯ್ದೆಯ ಪ್ರಕಾರ ಒಂದು ವರ್ಷ ಕಾಲಾವಕಾಶ ಇದೆ. ಆದರೆ ಅದನ್ನು ನಂಬಿ ಕೂತರೆ ಕೆಟ್ಟಿರಿ. ಅಂತಿಮ ಪಟ್ಟಿ ಬಂದು, ನೇಮಕಾತಿ ಆದೇಶ ಹೋಗಿ, ಜನ ಡ್ಯೂಟಿಗೆ ಹಾಜರಾದ ಮೇಲೆ ಯಾವ ಪೀಠಕ್ಕೂ ಅವರನ್ನು ಎಬ್ಬಿಸುವ ಮನಸ್ಸು ಬರುವುದಿಲ್ಲ. ಬಿಹಾರದ ಜೂನಿಯರ್ ಎಂಜಿನಿಯರ್ ಪರೀಕ್ಷೆಯಲ್ಲಿ ನೂರಕ್ಕೆ 41 ಕೀ ಉತ್ತರಗಳು ತಪ್ಪು ಎಂದು ತಜ್ಞರೇ ಹೇಳಿದ್ದರು. 2013ರಲ್ಲಿ ಸುಪ್ರೀಂ ಕೋರ್ಟ್ ಸರಿಯಾದ ಕೀ ಇಟ್ಟು ಮರು ಮೌಲ್ಯಮಾಪನಕ್ಕೆ ಹೇಳಿತು. ಹಾಗಿದ್ದೂ ಆಗಲೇ ಕೆಲಸದಲ್ಲಿದ್ದವರನ್ನು ತೆಗೆಯಲಿಲ್ಲ. ಹೊಸ ಲೆಕ್ಕದಲ್ಲಿ ಪಾಸಾಗದಿದ್ದರೆ ಜ್ಯೇಷ್ಠತಾ ಪಟ್ಟಿಯ ಕೊನೆಗೆ ಹಾಕಿ ಎಂದಿತು, ಅಷ್ಟೇ.

ನಾವು ಹದಿನಾಲ್ಕನೇ ದಿನ ಅರ್ಜಿ ಹಾಕಿದೆವು. ಜೊತೆಯಲ್ಲೇ ಗೆಳತಿಯ ಹೆಸರಲ್ಲಿ ಹತ್ತು ರೂಪಾಯಿ ಶುಲ್ಕದ ಒಂದು ಮಾಹಿತಿ ಹಕ್ಕು ಅರ್ಜಿ. ಕೇಳಿದ್ದು ಒಂದೇ: 61ನೇ ಪ್ರಶ್ನೆಯ ಆಕ್ಷೇಪಣೆ ಮೇಲೆ ತಜ್ಞರ ಸಮಿತಿ ಏನು ಬರೆದಿದೆ, ಅದರ ನಕಲು. ತಜ್ಞರ ಹೆಸರು ಕೇಳಲಿಲ್ಲ. ಮೌಲ್ಯಮಾಪಕರ ಹೆಸರು ಕೊಡಬೇಕಾಗಿಲ್ಲ ಎಂದು ಕೇರಳ ಲೋಕಸೇವಾ ಆಯೋಗದ ಕೇಸಿನಲ್ಲಿ 2016ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕೇಳಿದ್ದರೆ ಆ ನೆಪದಲ್ಲಿ ಇಡೀ ಅರ್ಜಿಯನ್ನೇ ತಳ್ಳಿಹಾಕುತ್ತಿದ್ದರು.

ಮೊದಲ ವಾಯಿದೆಯಲ್ಲಿ ಸ್ಟೇ ಸಿಗಲಿಲ್ಲ. ಅಪ್ಪ ಫೋನಿನಲ್ಲಿ ಕೇಳಿದ ಮೊದಲ ಮಾತೇ "ಸ್ಟೇ ಆಯ್ತಾ ಸಾರ್?" ಇಲ್ಲ ಎಂದಾಗ ಅವರ ದನಿ ಇಳಿಯಿತು. ಆದರೆ ಸಿಕ್ಕಿದ್ದೂ ಕಮ್ಮಿ ಏನಲ್ಲ. ಮುಂದಿನ ಆಯ್ಕೆ ಪ್ರಕ್ರಿಯೆಯೆಲ್ಲ ಈ ಅರ್ಜಿಯ ಅಂತಿಮ ಆದೇಶಕ್ಕೆ ಒಳಪಟ್ಟಿರುತ್ತದೆ ಎಂಬ ಒಂದು ಸಾಲು. ನೂರಾರು ಜನರ ನೇಮಕಾತಿ ಇಬ್ಬರಿಗಾಗಿ ನಿಲ್ಲಿಸುವುದು ಕಷ್ಟ. ಈ ಒಂದು ಸಾಲು ಇದ್ದರೆ ಮುಂದೆ ಯಾರೂ "ನಮಗೆ ಗೊತ್ತೇ ಇರಲಿಲ್ಲ" ಎನ್ನುವ ಹಾಗಿಲ್ಲ.

ಇನ್ನೊಂದು ಕೆಲಸ ಬಾಕಿ ಇತ್ತು, ಮನಸ್ಸಿಗೆ ಕಷ್ಟದ್ದು. ಅಷ್ಟರಲ್ಲಿ ತಾತ್ಕಾಲಿಕ ಆಯ್ಕೆ ಪಟ್ಟಿ ಬಂದಿತ್ತು. ನಾವು ಗೆದ್ದರೆ ಕೆಲಸ ಕಳೆದುಕೊಳ್ಳುವವರು ಅದರಲ್ಲಿದ್ದರು. ಅವರನ್ನು ಪ್ರತಿವಾದಿ ಮಾಡದೆ ಅವರ ವಿರುದ್ಧ ಆದೇಶ ಕೇಳುವಂತಿಲ್ಲ. ಎಲ್ಲರನ್ನೂ ಅಲ್ಲದಿದ್ದರೂ ಅವರ ಪರವಾಗಿ ಕೆಲವರನ್ನಾದರೂ ಸೇರಿಸಲೇಬೇಕು ಎಂದು 1984ರ ಪ್ರಬೋಧ್ ವರ್ಮಾ ತೀರ್ಪು ಹೇಳುತ್ತದೆ. ಪಟ್ಟಿಯ ಕೊನೆಯ ನಾಲ್ವರನ್ನು ಸೇರಿಸಿದೆವು. ಅವರಲ್ಲಿ ಕಟ್ಟಕಡೆಯವಳು ಮೂಡಿಗೆರೆ ಕಡೆಯ ಹುಡುಗಿ. ಅವಳ ಅಂಕ 69.75.

"ನಂಗೆ ಡೌಟೇ ಬರಲಿಲ್ಲವಲ್ಲ ಸಾರ್"

ನಮ್ಮ ಅರ್ಜಿಗೆ ಉತ್ತರವಾಗಿ ಪ್ರಾಧಿಕಾರ ಹಾಕಿದ ಆಕ್ಷೇಪಣೆ ಹೇಳಿಕೆ ಹನ್ನೊಂದು ಪುಟ ಇತ್ತು. ಅದರಲ್ಲಿ ಹತ್ತು ಪುಟ ಎಲ್ಲ ಕೇಸಿಗೂ ಹಾಕುವಂಥದ್ದು. ತಜ್ಞರು ನೋಡಿದ್ದಾರೆ, ಒಬ್ಬ ಅರ್ಜಿದಾರೆ ಆಕ್ಷೇಪಣೆಯನ್ನೇ ಹಾಕಿಲ್ಲ, ರಣ್ ವಿಜಯ್ ಸಿಂಗ್ ಕೇಸಿನ ತೀರ್ಪು ಇದೆ, ಇತ್ಯಾದಿ. ನಿಜವಾದ ಬಲ ಇದ್ದದ್ದು ಒಂದೇ ಅಂಶಕ್ಕೆ. ಪ್ರಶ್ನೆಪತ್ರಿಕೆಯ ಮೊದಲ ಪುಟದ ಒಂಬತ್ತನೇ ಸೂಚನೆ: ಪ್ರಶ್ನೆಗಳಲ್ಲಿ ಸಂದೇಹ ಉಂಟಾದಲ್ಲಿ ಇಂಗ್ಲಿಷ್ ಆವೃತ್ತಿಯನ್ನು ನೋಡಿಕೊಳ್ಳತಕ್ಕದ್ದು, ಅದೇ ಅಂತಿಮ.

ಕನ್ನಡ ನಾಡಿನ ಪರೀಕ್ಷೆಗೆ ಇಂಗ್ಲಿಷ್ ಯಾಕೆ ಅಂತಿಮ ಎನ್ನುವ ಸಿಟ್ಟು ನ್ಯಾಯವಾದದ್ದೇ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸರ್ಕಾರವೇ ಶೇ. 5ರಷ್ಟು ಹುದ್ದೆ ಮೀಸಲಿಟ್ಟಿದೆ. ಹುದ್ದೆ ಕನ್ನಡದಲ್ಲಿ ಓದಿದ್ದಕ್ಕೆ, ಪರೀಕ್ಷೆಯಲ್ಲಿ ಮಾತ್ರ ಇಂಗ್ಲಿಷ್ ನೋಡಿಕೊಳ್ಳಿ! 2024ರ ಆಗಸ್ಟ್ 27ರಂದು ನಡೆದ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಮರುಪರೀಕ್ಷೆಗೆ ಸರ್ಕಾರವೇ ಸೂಚಿಸಬೇಕಾಯಿತು. ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಯಿತು. ಅದರಲ್ಲೂ ಅನುವಾದದ ದೂರು ಬಂತು. ಇದೆಲ್ಲ ನನ್ನ ವಾದದ ಮೊದಲ ಕರಡಿನಲ್ಲಿ ಇತ್ತು. ಬೆಂಗಳೂರಿನ ಗೆಳೆಯರು ಓದಿ ಎಲ್ಲವನ್ನೂ ಹೊಡೆದು ಹಾಕಿದರು. "ಇದು ಭಾಷಣ. ಸೂಚನೆಯನ್ನು ಒಪ್ಪಿಕೊಂಡೇ ಬರೆದಿದ್ದಾರಲ್ಲ ಅಂತ ಬೆಂಚು ಕೇಳಿದರೆ ಏನು ಹೇಳ್ತೀಯಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಕೊಟ್ಟಿದ್ದು ಬೇಲೂರಿನ ಹುಡುಗಿ. ಅಫಿಡವಿಟ್‌ಗೆ ಸಹಿ ಹಾಕಲು ಬಂದಿದ್ದಳು. ಸೂಚನೆ ತೋರಿಸಿ, ಯಾಕಮ್ಮ ಇಂಗ್ಲಿಷ್ ನೋಡಲಿಲ್ಲ ಎಂದು ಕೇಳಿದೆ.

"ನಂಗೆ ಡೌಟೇ ಬರಲಿಲ್ಲವಲ್ಲ ಸಾರ್."

ಆ ಸಸ್ಯದ ಪ್ರಶ್ನೆಯಲ್ಲಿ ಡೌಟು ಬಂತು, ಇಂಗ್ಲಿಷ್ ನೋಡಿದಳು. 61ರ ಕನ್ನಡ ನೀಟಾಗಿತ್ತು. ವ್ಯಾಕರಣ ಸರಿ, ಅರ್ಥ ಸರಿ, ಉತ್ತರವೂ ನಾಲ್ಕು ಆಯ್ಕೆಯೊಳಗೇ ಸಿಕ್ಕಿತು. ಸಂದೇಹ ಹುಟ್ಟಲು ಎಲ್ಲೂ ಸಂದಿ ಇಲ್ಲ. ಸೂಚನೆ ಹೇಳುವುದು ಸಂದೇಹ ಉಂಟಾದಲ್ಲಿ ಎಂದು. ಸಂದೇಹ ಉಂಟಾಗದಿದ್ದಲ್ಲಿ? ನೂರು ಪ್ರಶ್ನೆಗೆ ಎರಡು ಗಂಟೆ, ಪ್ರಶ್ನೆಗೆ 72 ಸೆಕೆಂಡ್. ಅರ್ಥವಾದ ಪ್ರಶ್ನೆಯನ್ನು ಇನ್ನೊಂದು ಭಾಷೆಯಲ್ಲಿ ಯಾರು ಓದುತ್ತಾರೆ? ಕೆಟ್ಟ ಅನುವಾದ ತಾನಾಗೇ ಸಿಕ್ಕಿಬೀಳುತ್ತದೆ. ನುಣ್ಣಗಿರುವ ತಪ್ಪು ಅನುವಾದ ಸಿಕ್ಕಿಬೀಳುವುದಿಲ್ಲ. ಪತ್ರಿಕೆಗಳಲ್ಲಿ ನಗೆಪಾಟಲಾಗುವ ಅನುವಾದಗಳಿಗಿಂತ ಇದೇ ಜಾಸ್ತಿ ಅಪಾಯ ಎಂದು ನನಗೆ ಅನ್ನಿಸಿದ್ದು ಆಗಲೇ.

28ನೇ ದಿನ ಮಾಹಿತಿ ಹಕ್ಕಿನ ಉತ್ತರ ಬಂತು. ಒಂದು ಹಾಳೆ. ಸಮಿತಿಯ ಟಿಪ್ಪಣಿ ಮೂರೇ ತುಂಡು ವಾಕ್ಯ: "ಇಂಗ್ಲಿಷ್ ಆವೃತ್ತಿ ಪರಿಶೀಲಿಸಲಾಗಿದೆ. ಕೀ ಉತ್ತರ ಸರಿ. ಬದಲಾವಣೆ ಇಲ್ಲ." ಗೆಳತಿ ಆಕ್ಷೇಪಣೆಯಲ್ಲಿ ಬರೆದಿದ್ದು ಕನ್ನಡಕ್ಕೂ ಇಂಗ್ಲಿಷಿಗೂ ಅರ್ಥ ಬೇರೆ ಎಂದು. ಸಮಿತಿ ಕನ್ನಡವನ್ನು ಕಣ್ಣೆತ್ತಿಯೂ ನೋಡಿರಲಿಲ್ಲ. ತಜ್ಞರು ನೋಡಿದ್ದಾರೆ ಎಂಬ ಹತ್ತು ಪುಟಕ್ಕೆ ಈ ಒಂದು ಹಾಳೆ ಸಾಕಾಯಿತು.

ವಿಚಾರಣೆ ಇಪ್ಪತ್ತು ನಿಮಿಷವೂ ನಡೆಯಲಿಲ್ಲ. ಗೆಳೆಯರು ಎರಡೂ ಸಾಲು ಓದಿದರು. ಪೀಠದಲ್ಲಿದ್ದ ಸದಸ್ಯರೊಬ್ಬರು ಪ್ರಶ್ನೆಪತ್ರಿಕೆ ತರಿಸಿಕೊಂಡು ತಾವೇ ಓದಿ, ಸರ್ಕಾರಿ ವಕೀಲರ ಕಡೆ ತಿರುಗಿ, ಕನ್ನಡದಲ್ಲಿ ಇದಕ್ಕೆ ಏನು ಉತ್ತರ ಹೇಳ್ತೀರಿ ಎಂದರು. ವಕೀಲರು ಸೂಚನೆ ಒಂಬತ್ತು ಎಂದರು. ಅದನ್ನಲ್ಲ ಕೇಳಿದ್ದು ಎಂದರು ಸದಸ್ಯರು. ತಪ್ಪು ತೋರಿಸಲು ಇಲ್ಲಿ ತರ್ಕ ಬೇಕಿರಲಿಲ್ಲ. ಕಣ್ಣಿದ್ದರೆ ಸಾಕಿತ್ತು.

ಆದೇಶದಲ್ಲಿ ಪೀಠ ತಾನೇ ಅಂಕ ಕೊಡಲಿಲ್ಲ. ಕನ್ನಡ ಬಲ್ಲ ತಜ್ಞರನ್ನು ಸೇರಿಸಿಕೊಂಡು ಸಮಿತಿ ಎರಡೂ ಆವೃತ್ತಿಯನ್ನು ಹೋಲಿಸಿ ನಾಲ್ಕು ವಾರದಲ್ಲಿ ತೀರ್ಮಾನಿಸಬೇಕು, ತೀರ್ಮಾನ ಇಬ್ಬರು ಅರ್ಜಿದಾರರಿಗಷ್ಟೇ ಅಲ್ಲದೆ ಪರೀಕ್ಷೆ ಬರೆದ ಎಲ್ಲರಿಗೂ ಅನ್ವಯಿಸಬೇಕು ಎಂದಿತು. ಇದೇ ಸರಿಯಾದ ಆದೇಶ ಎಂದು ಈಗಲೂ ನನ್ನ ಅಭಿಪ್ರಾಯ. ಆದರೆ ಆ "ಎಲ್ಲರಿಗೂ" ಎಂಬ ಪದ ಏನು ಮಾಡಿತು ನೋಡಿ.

ಅಂಕ ಏರಿತು, ಗೆರೆಯೂ ಏರಿತು

ಸಮಿತಿಯ ಮುಂದೆ ಎರಡು ದಾರಿ ಇದ್ದವು. ಪ್ರಶ್ನೆಯನ್ನೇ ಕೈಬಿಡುವುದು, ಅಥವಾ ಒಂದು, ಎರಡು ಎಂಬ ಎರಡೂ ಉತ್ತರ ಒಪ್ಪುವುದು. ಕೈಬಿಟ್ಟಿದ್ದರೆ ಸರಿ ಬರೆದವರಿಗೆಲ್ಲ ಒಂದು ಅಂಕ ಹೋಗುತ್ತಿತ್ತು. ಯಾರು ಕನ್ನಡ ಓದಿದರು, ಯಾರು ಇಂಗ್ಲಿಷ್ ಓದಿದರು ಎಂದು ಓಎಂಆರ್ ಹಾಳೆ ಹೇಳುವುದಿಲ್ಲ. ಹಾಗಾಗಿ ಎರಡೂ ಉತ್ತರ ಒಪ್ಪಿದರು.

ಬೇಲೂರಿನ ಹುಡುಗಿಗೆ 75 ಸರಿ, 19 ತಪ್ಪು. 69 ಇದ್ದದ್ದು 70.25 ಆಯಿತು. ಬಂದಿದ್ದು ಒಂದು ಅಂಕ, ವಾಪಸಾದ ಕಡಿತ ಕಾಲು. ಗೆಳತಿಯದು 68.75ರಿಂದ 70. ಹಳೆಯ ಕಟ್ ಆಫ್ 69.75 ಅಲ್ವಾ, ಇಬ್ಬರೂ ಪಾಸು ಎಂದು ಅಪ್ಪ ಒಂದು ಕೆಜಿ ಮೈಸೂರು ಪಾಕ್ ತಂದುಬಿಟ್ಟರು. ನಾನು ಡಬ್ಬಿ ತೆಗೆಯಲಿಲ್ಲ. ಕನ್ನಡ ಓದಿ "ಎರಡು" ಎಂದು ಬರೆದವರು ಇವರಿಬ್ಬರೇ ಅಲ್ಲವಲ್ಲ. ಅವರೆಲ್ಲರ ಅಂಕವೂ ಒಂದೂಕಾಲು ಏರುತ್ತದೆ, ಜೊತೆಗೆ ಕಟ್ ಆಫ್ ಕೂಡ.

ಹೊಸ ಕಟ್ ಆಫ್ 70.25ಕ್ಕೆ ನಿಂತಿತು. ಅಷ್ಟೇ ಅಂಕದವರು ಮೂವರಿದ್ದರು, ಉಳಿದಿದ್ದು ಎರಡು ಹುದ್ದೆ. ಸಮ ಅಂಕ ಬಂದರೆ ವಯಸ್ಸಿನಲ್ಲಿ ಹಿರಿಯರಿಗೆ ಮೊದಲು. ಇಷ್ಟು ವಯಸ್ಸಾಯ್ತು ಇನ್ನೂ ಓದ್ತಾ ಕೂತಿದ್ದೀಯಲ್ಲ ಎಂದು ಮನೆಯಲ್ಲಿ ಬೈಸಿಕೊಳ್ಳುತ್ತಿದ್ದ ಹುಡುಗಿ ಆ ವಯಸ್ಸಿನಿಂದಲೇ ಒಳಗೆ ಹೋದಳು. ಆಕ್ಷೇಪಣೆ ಹಾಕಿ, ದುಡ್ಡು ಕಟ್ಟಿ, ಸ್ಕ್ರೀನ್‌ಶಾಟ್ ಇಟ್ಟುಕೊಂಡು ಕೇಸನ್ನು ಉಳಿಸಿದ ಗೆಳತಿ ಕಾಲು ಅಂಕದಲ್ಲಿ ಹೊರಗೆ ಉಳಿದಳು.

ಮೂಡಿಗೆರೆಯ ಹುಡುಗಿಯ ಬಗ್ಗೆಯೂ ಹೇಳಬೇಕು. ನ್ಯಾಯಮಂಡಳಿಯ ಕಾರಿಡಾರಿನಲ್ಲಿ ಅವಳನ್ನು ಒಂದೇ ಸಲ ನೋಡಿದ್ದು. ನೋಟಿಸ್ ಹಿಡಿದು ಅಣ್ಣನ ಜೊತೆ ಬಂದಿದ್ದಳು. ನಾನು ಎದುರಿನ ವಕೀಲ ಎಂದು ಗೊತ್ತಿಲ್ಲದೆ, "ಸಾರ್, ಇವರು ಗೆದ್ರೆ ನನ್ ಹೆಸರು ಹೋಗುತ್ತಾ?" ಎಂದು ನನ್ನನ್ನೇ ಕೇಳಿದಳು. ನಿಮ್ಮ ವಕೀಲರನ್ನು ಕೇಳಮ್ಮ ಎಂದೆ. ಅವಳು 61ಕ್ಕೆ "ಒಂದು" ಎಂದು ಬರೆದಿದ್ದಳು. ಎರಡೂ ಭಾಷೆ ಓದಿ ನೋಡುವ ಅಭ್ಯಾಸ ಅವಳಿಗೆ. ಹಾಗಾಗಿ ಅವಳಿಗೆ ಸಿಗಬೇಕಾದ ಹೊಸ ಅಂಕ ಏನೂ ಇರಲಿಲ್ಲ. 69.75 ಅಲ್ಲೇ ಉಳಿಯಿತು, ಗೆರೆ ಮೇಲೆ ಹೋಯಿತು. ನೇಮಕಾತಿ ಆದೇಶ ಇನ್ನೂ ಕೈಗೆ ಬಂದಿರಲಿಲ್ಲವಾದ್ದರಿಂದ ಬಿಹಾರದವರಿಗೆ ಸಿಕ್ಕ ರಕ್ಷಣೆಯೂ ಇಲ್ಲ. ಅವಳು ಮಾಡಿದ ತಪ್ಪೇನು ಎಂದು ಯಾರಾದರೂ ಕೇಳಿದರೆ ನಾನು ಏನೂ ಹೇಳಲಾರೆ. ತಪ್ಪು ಮಾಡಿದ್ದು ಆ ಒಂದು ಪದವನ್ನು ಉಲ್ಟಾ ಬರೆದವರು. ಅವರು ಯಾರು ಎಂದು ಯಾವ ಕಡತದಲ್ಲೂ ಕಾಣಲಿಲ್ಲ.

ದಾಖಲೆ ಪರಿಶೀಲನೆಗೆ ಜೆರಾಕ್ಸ್ ಮಾಡಿಸಿಕೊಂಡು ಅಪ್ಪ, ಮಗಳು ಇನ್ನೊಮ್ಮೆ ಬಂದಿದ್ದರು. ಫೀಸು ಕೊಟ್ಟು ಎದ್ದ ಮೇಲೂ ಅಪ್ಪ ಬಾಗಿಲಲ್ಲಿ ನಿಂತರು. "ಹಂಗಾದ್ರೆ ಹಲ್ಮಿಡಿ ತಪ್ಪು ಅಂತಲೇ ಉಳೀತಾ ಸಾರ್?"

"ಕೋರ್ಟು ಅದನ್ನ ತಪ್ಪು ಅಂತಾನೂ ಹೇಳಿಲ್ಲ, ಸರಿ ಅಂತಾನೂ ಹೇಳಿಲ್ಲ ಯಜಮಾನ್ರೇ. ನಾವ್ ಕೇಳಿಲ್ಲವಲ್ಲ."

"ಆ ಹುಡುಗ ಕೇಳಿದ್ನಲ್ಲ."

"ಅವನಿಗೂ ಹೇಳಿಲ್ಲ."

ಅವರು ತಲೆಯಾಡಿಸಿ ಹೊರಟರು, ಒಪ್ಪಿದ ಹಾಗೆ ಕಾಣಲಿಲ್ಲ.

ಗೆಳತಿ ಈಗಲೂ ಹಾಸನದಲ್ಲೇ ಇದ್ದಾಳೆ, ಅದೇ ಪಿಜಿಯಲ್ಲಿ. ಮೊನ್ನೆ ಇನ್ನೊಂದು ಪರೀಕ್ಷೆ ಬರೆದು ಬಂದವಳು ಪ್ರಶ್ನೆಪತ್ರಿಕೆ ತೋರಿಸಿದಳು. ಪ್ರತಿ ಪ್ರಶ್ನೆಯ ಕೊನೆಯ ಸಾಲಿಗೆ ಕನ್ನಡದಲ್ಲೊಂದು, ಇಂಗ್ಲಿಷಿನಲ್ಲೊಂದು ಗೆರೆ ಎಳೆದಿದ್ದಳು. ಸರಿ, ತಪ್ಪು, ಅಲ್ಲ, ಹೊರತುಪಡಿಸಿ ಎಂಬ ಪದಗಳಿಗೆ ಸುತ್ತ ಗುಂಡು. ಒಂದೂ ವ್ಯತ್ಯಾಸ ಸಿಗಲಿಲ್ಲವಂತೆ.

"ಕೊನೇ ಐದು ಪ್ರಶ್ನೆ ಓದಕ್ಕೇ ಆಗಲಿಲ್ಲ ಸಾರ್" ಎಂದಳು. "ಟೈಮ್ ಸಾಕಾಗಲಿಲ್ಲ."